ಹೊಲದ ನಡುವೆ ಚೌಕಾಕಾರದ ಹಳ್ಳ, ಮ್ಯಾಪಲ್ಲಿ 'ಮೋಟ್' ಅಂತಿದೆ – ಇದರಲ್ಲಿ ಕಾಪಾಡೋಕೆ ಏನಿದೆ?

ಗದ್ದೆಬದು
ಇಂಗ್ಲೆಂಡಿನ ಸಫೊಕ್‌ಗೆ ಬಂದು ನಾಲ್ಕು ವರ್ಷ ಆಯ್ತು, ಶನಿವಾರ ಬಂತು ಅಂದ್ರೆ ಬೂಟು ಏರಿಸ್ಕೊಂಡು ಹೊಲದ ಕಾಲುದಾರಿ ಹಿಡಿಯೋದು ಚಟ ಆಗ್ಬಿಟ್ಟಿದೆ. ಜೊತೆಗೆ ಕಾಗದದ ಓಎಸ್ ಮ್ಯಾಪು (ಇಲ್ಲಿನ ಸರ್ಕಾರಿ ಸರ್ವೆ ನಕ್ಷೆ), ಯಾಕಂದ್ರೆ ಇಲ್ಲಿ ಸಿಗ್ನಲ್ ಸಿಗೋದು ದೇವರ ದಯೆ ಇದ್ರೆ ಮಾತ್ರ. ಆ ಮ್ಯಾಪಲ್ಲಿ ಅಲ್ಲಲ್ಲಿ ಹಳೇ ಗೋಥಿಕ್ ಅಕ್ಷರದಲ್ಲಿ ಡೊಂಕುಡೊಂಕಾಗಿ 'ಮೋಟ್', ಅಂದ್ರೆ ಕಂದಕ, ಅಂತ ಬರ್ದಿರುತ್ತೆ, ಪಕ್ಕದಲ್ಲೊಂದು ಪುಟ್ಟ ನೀಲಿ ಚೌಕ. ಒಂದೇ ಶೀಟಲ್ಲಿ ಎಣಿಸಿದ್ರೆ ಹನ್ನೆರಡು. ಕೋಟೆನೇ ಕಾಣಲ್ಲ, ಕಂದಕ ಮಾತ್ರ ಇಷ್ಟೊಂದು ಯಾಕಪ್ಪಾ ಅಂತ ತಲೆ ಕೆಟ್ಟು ಹತ್ತಿರದ ಒಂದಕ್ಕೆ ಹೋದೆ.

ಹೋದ್ರೆ ಏನಿದೆ ಅಲ್ಲಿ. ದನದ ಕೊಟ್ಟಿಗೆ ಹಿಂದೆ ಬೇಲಿ, ಬೇಲಿ ಆಚೆ ಹಳ್ಳ, ಹತ್ತು ಹೆಜ್ಜೆ ಅಗಲ ಇರ್ಬೇಕು. ಎರಡು ಕಡೆ ಒಣಗಿ ತುರಿಕೆ ಗಿಡ ಎದೆ ಮಟ್ಟ ಬೆಳೆದಿದೆ, ಒಂದು ಕಡೆ ನೀರಿದೆ, ಮೇಲೆ ಪಾಚಿ ಎಷ್ಟು ದಟ್ಟ ಅಂದ್ರೆ ಕಾಲಿಟ್ರೆ ನಡ್ಕೊಂಡೇ ಹೋಗ್ಬಹುದು ಅನ್ಸುತ್ತೆ. ನಾಲ್ಕನೇ ಕಡೆ ಯಾರೋ ಯಾವ ಕಾಲದಲ್ಲೋ ಮಣ್ಣು ತುಂಬಿ ಟ್ರ್ಯಾಕ್ಟರ್‌ಗೆ ದಾರಿ ಮಾಡ್ಕೊಂಡಿದ್ದಾರೆ. ನಡುವೆ ಒಂದಡಿ ಎತ್ತರದ ದಿಬ್ಬ, ಬರೀ ಹುಲ್ಲು. ಒಂದು ಟೈರು, ದನ ನೀರು ಕುಡಿಯೋಕೆ ಇಟ್ಟಿರೋ ಹಳೇ ಬಾತ್‌ಟಬ್ಬು. ಮುಗೀತು.

ವಾಪಸ್ ಬರೋವಾಗ ಗೇಟಿಗೆ ಹಳದಿ ನೋಟಿಸ್ ಕಟ್ಟಿದ್ದು ನೋಡ್ದೆ. ಪಕ್ಕದ ಹೊಲದಲ್ಲಿ ನಲವತ್ತು ಚಿಲ್ಲರೆ ಮನೆ ಕಟ್ಟೋಕೆ ಅರ್ಜಿ ಹಾಕಿದ್ದಾರೆ, ಏನಾದ್ರೂ ಹೇಳೋದಿದ್ರೆ 21 ದಿನದಲ್ಲಿ ಹೇಳಿ ಅಂತ. ಊರ ಹೆಸರು ಹಾಕಲ್ಲ, ಆ ರೈತ ಪರಿಚಯದವರು. ನನ್ನ ಪ್ರಶ್ನೆ ಇಷ್ಟೇ, ಇಂಥ ಹಳ್ಳಕ್ಕೆಲ್ಲ ಕಾನೂನಿನ ರಕ್ಷಣೆ ಇರುತ್ತಾ? ಇದ್ರೂ ಯಾಕಿರುತ್ತೆ?

ಸಾಲದ_ಮನೆ
ಗುರು ಬೇಜಾರ್ ಮಾಡ್ಕೋಬೇಡ, ಇಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಜನ ಸಾಯ್ತಿದ್ದಾರೆ, ಮನೆ ಕಟ್ತೀವಿ ಅಂದ ತಕ್ಷಣ ಒಬ್ರು ಕಪ್ಪೆ ಅಂತಾರೆ ಇನ್ನೊಬ್ರು ವ್ಯೂ ಹೋಗುತ್ತೆ ಅಂತಾರೆ, ಈಗ ನೀನು ಹಳ್ಳ ಅಂತೀಯ. ತೀರ್ಥಹಳ್ಳಿಲಿ ನಮ್ಮ ದೊಡ್ಡಪ್ಪನ ತೋಟದ ಸುತ್ತ ಇದಕ್ಕಿಂತ ಆಳದ ಅಗಳು ಇದೆ. ಅದಕ್ಕೂ ಬೋರ್ಡ್ ಹಾಕಿಸ್ಲಾ?

ಕೆಸರುಕಾಲು
ಸಾಲದ ಮನೆ ಅವ್ರೇ, ಬೋರ್ಡು ಆಮೇಲೆ ಹಾಕ್ಸೋಣ, ಮೊದ್ಲು ಕೇಳಿ. ನಾನು ಇಲ್ಲಿ ಎಂಟು ವರ್ಷ ಕಾಂಟ್ರಾಕ್ಟ್ ಮೇಲೆ ಪುರಾತತ್ವದ ಅಗೆಯೋ ಕೆಲಸ ಮಾಡ್ದೋಳು. ರೋಡೋ ಮನೆನೋ ಬರೋಕೆ ಮುಂಚೆ ಮಳೇಲಿ ಮಂಡಿಯೂರಿ ಕರಣೆ ಹಿಡ್ಕೊಂಡು ಮಣ್ಣು ಕೆರೆಯೋ ಪಾರ್ಟಿ ಇರುತ್ತಲ್ಲ, ಅದು.

ಇಂಗ್ಲೆಂಡಲ್ಲಿ ಇಂಥ ಕಂದಕದ ಮನೆ ನೆಲೆಗಳು ಗೊತ್ತಿರೋವೇ ಸುಮಾರು 6,000 ಇವೆ. ಹೆಚ್ಚಿನವು 1250ರಿಂದ 1350ರ ಒಳಗೆ ತೋಡಿದ್ದು. ದಟ್ಟವಾಗಿರೋದು ಮಧ್ಯ ಮತ್ತು ಪೂರ್ವ ಇಂಗ್ಲೆಂಡಲ್ಲಿ, ಅಲ್ಲಿ ಜೇಡಿಮಣ್ಣು, ನೀರು ತುಂಬಿದ್ರೆ ಇಂಗದೆ ನಿಲ್ಲುತ್ತೆ. ನಡುವೆ ಇರ್ತಿದ್ದಿದ್ದು ಮ್ಯಾನರ್ ಮನೆ, ಅಂದ್ರೆ ಊರಿನ ಜಮೀನು, ಪಂಚಾಯ್ತಿ, ದಂಡ, ಗಿರಣಿ, ಬಿಟ್ಟಿ ದುಡಿಮೆ ಎಲ್ಲಾ ಯಾರ ಕೈಲಿತ್ತೋ ಆ ಧಣಿ ಮನೆ. ಕೆಲವು ಮಠದವ್ರದ್ದು, ಇನ್ನು ಕೆಲವು ಕಾಡು ಕಡಿದು ಜಮೀನು ಮಾಡ್ಕೊಂಡು ಹೊಸದಾಗಿ ದುಡ್ಡು ಕಂಡ ರೈತರದ್ದು, ವಾರಿಕ್‌ಶೈರ್‌ನ ಆರ್ಡೆನ್ ಕಡೆ ಅಂಥವು ಬೇಕಾದಷ್ಟಿವೆ. ತೋಡಿದ ಮಣ್ಣನ್ನೇ ನಡುವೆ ಸುರಿದು ದಿಬ್ಬ ಎಬ್ಬಿಸಿ ಅದರ ಮೇಲೆ ಮರದ ಮನೆ, ಕೊಟ್ಟಿಗೆ, ಕಣಜ. ಮರ ಹೋಯ್ತು, ಹುಲ್ಲಿನ ಸೂರು ಹೋಯ್ತು, ಗದ್ದೆಬದು ಅವ್ರು ನೋಡಿದ್ದು ಉಳಿದಿದ್ದನ್ನ. ಟೈರು ಆಮೇಲೆ ಬಂದಿದ್ದು ಬಿಡಿ.

ಆದ್ರೆ ಆ ಜಾಗದ ಜೀವ ಇರೋದು ದಿಬ್ಬದ ಮೇಲಲ್ಲ, ಹಳ್ಳದ ತಳದ ಕೆಸರಲ್ಲಿ. ಮನೆಯೋರು ಇನ್ನೂರು ಮುನ್ನೂರು ವರ್ಷ ಕಸ, ಮುಸುರೆ, ಪಾಯಿಖಾನೆ ಎಲ್ಲಾ ಅದಕ್ಕೇ ಬಿಟ್ಟಿರ್ತಾರೆ. ನೀರಿನಡಿ ಗಾಳಿ ಆಡಲ್ಲ, ಹಂಗಾಗಿ ಕೊಳೆಯೋದೂ ಇಲ್ಲ. ಮರದ ಬಟ್ಟಲು, ಚರ್ಮ, ಹಣ್ಣಿನ ಬೀಜ, ಹೂವಿನ ಪರಾಗ, ಹೊಟ್ಟೆಹುಳದ ಮೊಟ್ಟೆ ಕೂಡ ಸಿಗುತ್ತೆ. ಬರ್ಮಿಂಗ್‌ಹ್ಯಾಮ್‌ನ ವೀಲಿ ಕ್ಯಾಸಲ್ ಅಂತ ಒಂದು ಕಂದಕದ ಮನೆ ಇದೆ, ಅಲ್ಲಿ 1950ರ ದಶಕದಲ್ಲಿ ಅಗೆದಾಗ 13ನೇ ಶತಮಾನದ ಮರದ ಅಡುಗೆಮನೆಯ ಗೋಡೆ ಹಲಗೆನೇ ಸಿಕ್ತು. ನೀರು ನಿಂತಿದ್ದಕ್ಕೆ ಉಳಿದಿದ್ದು ಅದು.

ನಂಗೆ ಒಂದ್ಸಲ ಸಿಕ್ಕಿದ್ದು ಒಂದು ಮಗುವಿನ ಪಾದರಕ್ಷೆಯ ಅಟ್ಟೆ. ನನ್ನ ಅಂಗೈಗಿಂತ ಚಿಕ್ಕದು. ಹೆಬ್ಬೆರಳಿನ ಜಾಗದಲ್ಲಿ ಸವೆದು ತೂತಾಗಿತ್ತು, ಅಂಚಿನಲ್ಲಿ ಹೊಲಿಗೆ ಹಾಕಿದ ತೂತುಗಳು ಸಾಲಾಗಿ ಹಂಗೇ ಇವೆ, ದಾರ ಮಾತ್ರ ಇಲ್ಲ. ಮೇಲೆತ್ತಿ ಗಾಳಿ ತಾಗಿದ್ದೇ ತಡ ಬಣ್ಣ ಕಪ್ಪಾಗೋಕೆ ಶುರುವಾಯ್ತು, ಓಡಿ ಹೋಗಿ ಒದ್ದೆ ಸ್ಪಂಜಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ವಿ. ಅದನ್ನ ಏಳುನೂರು ವರ್ಷ ಕಾಪಾಡಿದ್ದು ಆ ಗಬ್ಬು ನೀರು.

ಮಲ್ನಾಡ್_ಮಳೆ
ಅಕ್ಕ ಚೆನ್ನಾಗಿ ಹೇಳಿದ್ರಿ. ಒಂದು ಡೌಟು. ನಮ್ಮಲ್ಲಿ ಅಗಳು ತೋಡೋದು ಹಂದಿ, ದನ ಬರದೇ ಇರ್ಲಿ ಅಂತ. ಇವ್ರು ಯಾಕೆ ತೋಡಿದ್ರು? ಯುದ್ಧಕ್ಕಾ? ಹತ್ತು ಹೆಜ್ಜೆ ಹಳ್ಳಕ್ಕೆ ಸೈನ್ಯ ಹೆದರುತ್ತಾ ಮಾರಾಯ್ರೆ?

ಕೆಸರುಕಾಲು
ಸೈನ್ಯ ಹೆದರಲ್ಲ. ದನಗಳ್ಳ ಹೆದರ್ತಾನೆ. ರಾತ್ರಿ ಬಂದು ಒದ್ದೆ ಬಟ್ಟೇಲಿ ಹಸು ಹೊಡ್ಕೊಂಡು ಹೋಗೋದು ಸುಲಭ ಅಲ್ಲ. ಮೀನು ಸಾಕಬಹುದು, ವಾರದಲ್ಲಿ ಮಾಂಸ ತಿನ್ನಬಾರದ ದಿನಗಳು ಅವ್ರಿಗೆ ತುಂಬಾ ಇದ್ವು. ಜೇಡಿಮಣ್ಣಲ್ಲಿ ಮನೆ ಅಡಿಪಾಯ ಒಣಗಿರೋಕೆ ಸುತ್ತ ಚರಂಡಿ ಬೇಕು. ಇದೆಲ್ಲಾ ನಿಜ, ಆದ್ರೆ ದೊಡ್ಡ ಕಾರಣ ಠೀವಿ. ದೊರೆಗಳ ಕೋಟೆಗೆ ಕಂದಕ ಇದೆ, ನಂಗೂ ಇರ್ಲಿ. ಗೋಡೆ ಮೇಲೆ ಕೋಟೆ ತರ ತೆನೆ ಕಟ್ಟೋಕೆ ರಾಜನ ಲೈಸೆನ್ಸ್ ತಗೋತಿದ್ರು, ಬರೀ ಹಳ್ಳ ತೋಡೋಕೆ ಅದೆಲ್ಲ ಬೇಡ, ಆಳು ಇದ್ರೆ ಸಾಕು. ಶ್ರಾಪ್‌ಶೈರ್‌ನ ಸ್ಟೋಕ್‌ಸೇ ನೋಡಿ, ಹೆಸರು ಕ್ಯಾಸಲ್, ಕಟ್ಟಿಸಿದ್ದು ಲಾರೆನ್ಸ್ ಆಫ್ ಲಡ್ಲೋ ಅನ್ನೋ ಉಣ್ಣೆ ವ್ಯಾಪಾರಿ. 1291ರಲ್ಲಿ ಲೈಸೆನ್ಸ್ ತಗೊಂಡ. ಕಂದಕ, ಗೋಪುರ ಎಲ್ಲಾ ಇದೆ, ಆದ್ರೆ ಹಜಾರದ ಕಿಟಕಿ ಎಷ್ಟು ದೊಡ್ಡವು ಅಂದ್ರೆ ಶತ್ರು ಬಾಗಿಲು ತಟ್ಟೋ ಕಷ್ಟ ತಗೋಬೇಕಾಗಿಲ್ಲ.

ವಿಜಾಪುರದಾಂವ
ಹಂಗಾದ್ರ ನಮ್ಮ ಕಡೆ ದೇಸಾಯರ ವಾಡೇ ಇದ್ದಂಗ ಅನ್ರಿ. ಅಗಸಿ ದೊಡ್ಡದು, ಒಳಗ ಜೋಳದ ಹಗೇವು.

ಹ್ಯಾರೋ_ಅಕ್ಕ
ಲಂಡನ್ ಕಡೆ ಇರೋರು ಸಫೊಕ್‌ಗೆ ಹೋಗೋದೇ ಬೇಡ, ಹ್ಯಾರೋದಲ್ಲೇ ಹೆಡ್‌ಸ್ಟೋನ್ ಮ್ಯಾನರ್ ಇದೆ. ನಮ್ಮ ಮನೆಯಿಂದ ಬಸ್ಸಲ್ಲಿ ಹತ್ತು ನಿಮಿಷ, ಮಕ್ಕಳನ್ನ ಆಡಿಸೋಕೆ ಕರ್ಕೊಂಡು ಹೋಗ್ತಿದ್ದೆ, ಬಾತುಕೋಳಿ ಇರೋ ಕೆರೆ ಅಂತಲೇ ಎರಡು ವರ್ಷ ಅಂದ್ಕೊಂಡಿದ್ದೆ. ಆಮೇಲೆ ಬೋರ್ಡ್ ಓದಿದ್ರೆ ಮನೆಯ ಹಳೇ ಭಾಗದ ಮರ 1310ರದ್ದು, ಕ್ಯಾಂಟರ್ಬರಿ ಆರ್ಚ್‌ಬಿಷಪ್‌ಗಳ ಮನೆಯಾಗಿತ್ತು, 1546ರಲ್ಲಿ ಎಂಟನೇ ಹೆನ್ರಿ ಕೈಗೆ ಹೋಯ್ತು. ಪಕ್ಕದಲ್ಲಿ 1506ರ ದೊಡ್ಡ ಕಣಜ. 2017ರ ಕೊನೆಗೆ ರಿಪೇರಿ ಮಾಡಿ ಮ್ಯೂಸಿಯಂ ಮತ್ತೆ ತೆರೆದ್ರು. ಸುತ್ತ ನೀರಿರೋ ಕಂದಕ ಪೂರ್ತಿ ಇದೆ.

ನಂಗನ್ಸೋದು, ಮನೆ ನಿಂತಿದ್ರೆ ಎಲ್ಲಾ ಸಲೀಸು. ಕೆಂಟ್‌ನ ಐಥಮ್ ಮೋಟ್‌ಗೂ ಹೋಗಿದ್ದೆ. 1953ರಲ್ಲಿ ಒಬ್ಬ ಅಮೆರಿಕದ ಶ್ರೀಮಂತ, ಚಾರ್ಲ್ಸ್ ಹೆನ್ರಿ ರಾಬಿನ್ಸನ್, ಕೊಂಡ್ಕೊಂಡು ಉಳಿಸಿ 1985ರಲ್ಲಿ ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಬಿಟ್ಟುಹೋದ. ಟ್ರಸ್ಟ್‌ನೋರು 1989ರಿಂದ 2004ರವರೆಗೆ ಬಿಚ್ಚಿ ಬಿಚ್ಚಿ ರಿಪೇರಿ ಮಾಡಿದ್ರು, ಒಂದು ಕೋಟಿ ಪೌಂಡಿಗಿಂತ ಜಾಸ್ತಿ ಖರ್ಚು. ಅಲ್ಲಿ ಅಂಗಳದಲ್ಲಿ ಒಂದು ನಾಯಿಗೂಡಿದೆ, ಸೇಂಟ್ ಬರ್ನಾರ್ಡ್ ನಾಯಿಗೆ ಕಟ್ಟಿಸಿದ್ದು, ಅದು ಗ್ರೇಡ್ ಒನ್ ಲಿಸ್ಟೆಡ್, ಅಂದ್ರೆ ಸಂರಕ್ಷಿತ ಕಟ್ಟಡಗಳ ಪಟ್ಟೀಲಿ ಮೊದಲ ದರ್ಜೆ! ಗದ್ದೆಬದು ಅವ್ರ ದಿಬ್ಬಕ್ಕೆ ನಾಯಿಗೂಡಿನ ಭಾಗ್ಯನೂ ಇಲ್ಲ ಪಾಪ.

ಬ್ರಮ್_ಬಸ್ಯಾ
ಅಕ್ಕೋರೆ, ಭಾಗ್ಯ ಇಲ್ದೋರ ಕತೆ ನಾನು ಹೇಳ್ತೀನಿ ಕೇಳಿ. ಬರ್ಮಿಂಗ್‌ಹ್ಯಾಮ್ ಅನ್ನೋ ಊರು ಹುಟ್ಟಿದ್ದೇ ಕಂದಕದ ಮನೆ ಪಕ್ಕ. ಡಿ ಬರ್ಮಿಂಗ್‌ಹ್ಯಾಮ್ ಅಂತ ಧಣಿಗಳು, 1166ರಲ್ಲಿ ಪೀಟರ್ ಅನ್ನೋನು ರಾಜನ ಹತ್ರ ಸಂತೆ ನಡೆಸೋ ಹಕ್ಕು ತಗೊಂಡ, ಮನೆ ಮುಂದೆ ಸಂತೆ ಸೇರ್ತು, ಅದೇ ಬೆಳೀತಾ ಬೆಳೀತಾ ಇಷ್ಟು ದೊಡ್ಡ ಊರು. 1816ರ ಹೊತ್ತಿಗೆ ಕಂದಕ ತುಂಬಿ ಮನೆ ಕೆಡವಿ ಅದರ ಮೇಲೆ ಸ್ಮಿತ್‌ಫೀಲ್ಡ್ ಮಾರ್ಕೆಟ್ ಮಾಡಿದ್ರು. ಅಂದ್ರೆ ಊರನ್ನ ಹೆತ್ತ ಮನೆ ಮೇಲೇ ದನದ ಸಂತೆ. 1970ರ ದಶಕದಲ್ಲಿ ಹೊಸ ಮಾರ್ಕೆಟ್ ಕಟ್ಟೋವಾಗ ಅಗೆದ್ರೆ ಕಲ್ಲಿನ ಗೋಡೆ ಬಂತು. ಮುಚ್ಚಿದ್ರು. ಈಗ ಮಾರ್ಕೆಟ್ ಬೇರೆ ಕಡೆ ಹೋಗಿದೆ, ಇಡೀ ಜಾಗ ಹೊಸ ಪ್ರಾಜೆಕ್ಟ್‌ಗೆ. ಮೇಲೆ ಉಳಿದಿದ್ದು ಒಂದೇ, ರಸ್ತೆ ಹೆಸರು, ಮೋಟ್ ಲೇನ್.

ಎಚ್‌ಎಸ್2 ರೈಲು ಲೈನಿಗೆ ಅಗೆದಾಗ ನಮ್ಮ ಹತ್ರದ ಕೋಲ್ಸ್‌ಹಿಲ್‌ನಲ್ಲೂ ಹಳೇ ಮ್ಯಾನರ್‌ನ ಗೇಟ್‌ಹೌಸ್ ಸಿಕ್ತಲ್ಲ, ಗೋಡೆ ತುಂಬಾ ಸುಮಾರು 200 ಗುಂಡಿನ ಗುರುತು, 1640ರ ದಶಕದ ಅಂತರ್ಯುದ್ಧದ್ದು ಅಂತಾರೆ.

ಸಾಲದ_ಮನೆ
ನೋಡಿ ನೀವೇ ಹೇಳಿದ್ರಿ. ಮುಚ್ಚಿದ್ರು ಊರು ಬೆಳೀತು, ಅಗೆದ್ರು ಗೋಡೆ ಸಿಕ್ತು. ಕೆಸರುಕಾಲು ಅವ್ರಿಗೂ ಕೆಲಸ ಸಿಕ್ತು. ಎಲ್ಲಾ ಖುಷಿ. ಹಂಗೇ ಇಲ್ಲೂ ಅಗೆದು ಸಿಕ್ಕಿದ್ದು ಮ್ಯೂಸಿಯಂಗೆ ಕೊಟ್ಟು ಮನೆ ಕಟ್ಲಿ.

ಕೆಸರುಕಾಲು
ಅಗೆಯೋದು ಅಂದ್ರೆ ಪುಸ್ತಕ ಓದಿದ ಹಾಳೆ ಹಾಳೆನೇ ಸುಡ್ತಾ ಹೋದಂಗೆ. ಒಂದೇ ಸಲ ಓದ್ಬಹುದು. ನಾನು ಅಗೆದ ಜಾಗಗಳಲ್ಲಿ ನಾನು ಏನು ಗಮನಿಸ್ಲಿಲ್ವೋ ಅದು ಹೋಯ್ತು, ಶಾಶ್ವತವಾಗಿ. ಇಪ್ಪತ್ತು ವರ್ಷದ ಹಿಂದೆ ಬರೀ ಕೆಸರು ಅಂತ ಚೆಲ್ಲಿದ್ದರಲ್ಲಿ ಇವತ್ತು ಡಿಎನ್‌ಎ ಹುಡುಕ್ತಿದ್ದಾರೆ. ಕಸ ಅಂದ್ರೆ ನೆನಪಾಯ್ತು, ನಾರ್ಫೋಕ್‌ನ ಆಕ್ಸ್‌ಬರೋ ಹಾಲ್, ಅದೂ ಕಂದಕದ ಮನೆನೇ, 1482ರದ್ದು. 2020ರಲ್ಲಿ ಚಾವಣಿ ರಿಪೇರಿ ಟೈಮಲ್ಲಿ ಅಟ್ಟದ ಹಲಗೆ ಕೆಳಗೆ ನೋಡಿದ್ರೆ ಇಲಿಗಳು ಹಳೇ ಹಸ್ತಪ್ರತಿ, ಬಟ್ಟೆ ಚೂರು ಎಳ್ಕೊಂಡು ಹೋಗಿ ಗೂಡು ಕಟ್ಟಿದ್ವು. ಯಾರಾದ್ರೂ ಚೊಕ್ಕ ಮಾಡೋ ಮಹಾತಾಯಿ ನೂರು ವರ್ಷ ಮುಂಚೆ ಹಲಗೆ ಎತ್ತಿ ಗುಡಿಸಿದ್ದಿದ್ರೆ ಮುಗೀತಿತ್ತು.

ಪ್ಲಾನಿಂಗ್_ಫೈಲ್
ಗದ್ದೆಬದು ಕೇಳಿದ್ದು ಕಾನೂನು, ಯಾರೂ ಹೇಳ್ತಿಲ್ಲ, ನಾನು ಹೇಳ್ತೀನಿ. (ಒಂದು ಕೌನ್ಸಿಲ್‌ನಲ್ಲಿ ಫೈಲ್ ಓಡಿಸೋ ಕೆಲಸ ನಂದು, ಯಾವ್ದು ಅಂತ ಕೇಳ್ಬೇಡಿ.)

1882ರಲ್ಲಿ ಮೊದಲ ಪ್ರಾಚೀನ ಸ್ಮಾರಕ ಕಾಯ್ದೆ ಬಂದಾಗ ಹಿಂದೆ ಒಂದು ಪಟ್ಟಿ ಲಗತ್ತಿಸಿದ್ರು, ಬ್ರಿಟನ್ ಐರ್ಲೆಂಡ್ ಸೇರಿ 68 ಜಾಗ, ಎಲ್ಲಾ ಸ್ಟೋನ್‌ಹೆಂಜ್ ತರದ್ದು. ಆ ಪಟ್ಟಿಗೆ ಷೆಡ್ಯೂಲ್ ಅಂತಾರೆ, ಅದಕ್ಕೇ ಇವತ್ತಿಗೂ 'ಷೆಡ್ಯೂಲ್ಡ್ ಮಾನ್ಯುಮೆಂಟ್'. ಈಗಿನ ಕಾಯ್ದೆ 1979ರದ್ದು, ಇಂಗ್ಲೆಂಡಲ್ಲಿ ಹತ್ತಿರ ಹತ್ತಿರ 20,000 ಜಾಗ ಪಟ್ಟೀಲಿವೆ, ಕಂದಕದ ನೆಲೆಗಳು ಅದರಲ್ಲಿ ಬೇಕಾದಷ್ಟು, ಆದ್ರೆ 6,000ವೂ ಇಲ್ಲ. ಪಟ್ಟೀಲಿದ್ರೆ ಅಗೆಯೋಕೆ, ತುಂಬೋಕೆ, ಹೂಳೆತ್ತೋಕೆ, ಒಂದು ಬೇಲಿ ಕಂಬ ನೆಡೋಕೂ ಪರ್ಮಿಷನ್ ಬೇಕು. ಲೈಸೆನ್ಸ್ ಇಲ್ದೆ ಒಳಗೆ ಮೆಟಲ್ ಡಿಟೆಕ್ಟರ್ ಬಳಸಿದ್ರೆ ಅಪರಾಧ.

ತಮಾಷೆ ಏನಂದ್ರೆ ಜನ ವಾಸ ಇರೋ ಮನೆಯನ್ನ ಷೆಡ್ಯೂಲ್ ಮಾಡಂಗಿಲ್ಲ. ಹಂಗಾಗಿ ಮನೆ ಲಿಸ್ಟೆಡ್ ಬಿಲ್ಡಿಂಗ್, ಸುತ್ತಲ ಕಂದಕ ಷೆಡ್ಯೂಲ್ಡ್. ದಾಖಲೆ ಓದಿದ್ರೆ ಹಿಂಗಿರುತ್ತೆ: ಮನೆ, ಬೇಲಿ, ಡಾಂಬರು ರಸ್ತೆ ಇವು ಸೇರಿಲ್ಲ, ಆದ್ರೆ ಅವುಗಳ ಕೆಳಗಿನ ನೆಲ ಸೇರಿದೆ. ಕಾಲ ಕೆಳಗಿನ ಮಣ್ಣು ಸರ್ಕಾರದ ಕಣ್ಗಾವಲಲ್ಲಿ, ಮೇಲಿರೋ ಕೊಟ್ಟಿಗೆ ನಿಮ್ದು. ಇನ್ನೊಂದು ತೂತು ಇದೆ, ಹಿಂದಿನಿಂದ ಉಳ್ತಾ ಬಂದಿರೋ ಜಾಗ ಆದ್ರೆ ಅದೇ ಆಳಕ್ಕೆ ಉಳೋದನ್ನ ಮುಂದುವರಿಸ್ಬಹುದು. ಪ್ರತಿ ವರ್ಷ ನೇಗಿಲು ಅಷ್ಟಷ್ಟೇ ಕೆರೀತಿರುತ್ತೆ, ಕಾನೂನು ಪ್ರಕಾರ ಏನೂ ತಪ್ಪಿಲ್ಲ.

ಗದ್ದೆಬದು, ನೀವು ಮೊದ್ಲು ಸ್ಮಾರಕಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ವೆಬ್‌ಸೈಟಿನ ಪಟ್ಟೀಲಿ ಆ ಜಾಗ ಇದ್ಯಾ ನೋಡಿ, ಮ್ಯಾಪಲ್ಲಿ ಕೆಂಪು ಗೆರೆ ಎಲ್ಲಿವರೆಗೆ ಬರುತ್ತೆ ನೋಡಿ. ಇಲ್ಲಾಂದ್ರೆ ಕೌಂಟಿಯ ಹಿಸ್ಟಾರಿಕ್ ಎನ್ವಿರಾನ್ಮೆಂಟ್ ರೆಕಾರ್ಡ್, ಅಂದ್ರೆ ಆ ಜಿಲ್ಲೆಯ ಹಳೇ ಜಾಗಗಳ ದಾಖಲೆ, ನೋಡಿ. ಪಟ್ಟೀಲಿ ಇಲ್ದೇ ಇದ್ರೂ ಅಷ್ಟೇ ಮಹತ್ವದ್ದು ಅಂತ ತೋರಿಸಿದ್ರೆ ಪ್ಲಾನಿಂಗ್ ನೀತೀಲಿ ಷೆಡ್ಯೂಲ್ಡ್ ತರಾನೇ ತೂಕ ಕೊಡ್ಬೇಕು ಅಂತಿದೆ.

ಮತ್ತೆ ಅಪ್ಲಿಕೇಶನ್‌ನಲ್ಲಿ 'ಕಂದಕವನ್ನು ಸ್ವಚ್ಛಗೊಳಿಸಿ ಸೌಂದರ್ಯೀಕರಣ' ಅನ್ನೋ ತರದ ಸಾಲು ಇದ್ಯಾ ನೋಡಿ. ಒಳ್ಳೆ ಕೆಲಸದ ತರ ಕಾಣುತ್ತೆ. ಜೆಸಿಬಿ ಬಂದು ತಳದ ಕೆಸರು ತೆಗೆದು ಹೊಲಕ್ಕೆ ಚೆಲ್ಲುತ್ತೆ, ಕೆಸರುಕಾಲು ಅವ್ರ ಪಾದರಕ್ಷೆ ಎಲ್ಲಾ ಗೊಬ್ಬರ.

ಮಲ್ನಾಡ್_ಮಳೆ
ಹಂಗಾದ್ರೆ ಹೂಳೆತ್ತಬಾರ್ದಾ? ಹೂಳು ತುಂಬಿದ್ರೆ ನೀರು ನಿಲ್ಲಲ್ಲ, ನೀರು ನಿಲ್ದಿದ್ರೆ ಒಣಗಿ ಕೊಳೆಯುತ್ತೆ. ಎರಡೂ ಕಷ್ಟ ಅಲ್ವಾ

ಕೆಸರುಕಾಲು
ಕರೆಕ್ಟ್. ಅದೇ ತಲೆನೋವು. ಮೇಲಿನ ಎಲೆ ಕೊಳೆ, ಇತ್ತೀಚಿನ ಹೂಳು ಮಾತ್ರ ತೆಗೆದು ಹಳೇ ಪದರ ಮುಟ್ಟದೆ ಬಿಡ್ತಾರೆ, ಅದಕ್ಕೆ ಮೊದ್ಲು ಕೊಳವೆ ಇಳಿಸಿ ಎಷ್ಟು ಆಳಕ್ಕೆ ಏನಿದೆ ಅಂತ ನೋಡ್ಬೇಕು. ಅದರ ಮೇಲೆ ಆ ನೀರಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಇದ್ರೆ, ಜುಟ್ಟಿರೋ ಹಲ್ಲಿ ತರದ್ದು, ಅದಕ್ಕೆ ಬೇರೆ ಕಾನೂನು ಬೇರೆ ಲೈಸೆನ್ಸು. ಮೊಲ, ಬ್ಯಾಡ್ಜರ್ ದಿಬ್ಬ ಕೊರೆಯುತ್ತೆ, ಮರದ ಬೇರು ಇಳಿಯುತ್ತೆ, ದನ ಅಂಚು ತುಳಿದು ಕುಸಿಸುತ್ತೆ. ಆದ್ರೆ ನಂಗೆ ಎಲ್ಲಕ್ಕಿಂತ ಭಯ ಪಕ್ಕದ ಜಮೀನಿನ ಚರಂಡಿ. ಗದ್ದೆಬದು ಅವ್ರ ಕೇಸಲ್ಲಿ ಮನೆಗಳು ಕಂದಕದ ಮೇಲೆ ಬರ್ತಿಲ್ಲ, ಪಕ್ಕದಲ್ಲಿ ಬರ್ತಿವೆ. ಆ ಹೊಲಕ್ಕೆ ಆಳದ ಡ್ರೈನ್ ಹಾಕಿದ್ರೆ ಅಂತರ್ಜಲ ಇಳಿಯುತ್ತೆ, ಕಂದಕ ಯಾರೂ ಮುಟ್ಟದೇನೇ ಒಳಗಿಂದ ಸಾಯುತ್ತೆ. ಫೋಟೋದಲ್ಲಿ ಏನೂ ಬದಲಾಗಿರಲ್ಲ.

ವಿಜಾಪುರದಾಂವ
ಇಷ್ಟೆಲ್ಲಾ ಮಾತು ಯಾಕ್ರಿ, ನಮ್ಮಂಗ ಅಳತಿ ಹಾಕಿ ಬಿಡ್ರಿ. 100 ಮೀಟರ್ ಒಳಗ ಏನೂ ಕಟ್ಟಂಗಿಲ್ಲ, ಅದರಾಚೆ 200 ಮೀಟರ್ ಪರ್ಮಿಷನ್ ತಗೊಂಡು ಕಟ್ಟ್ರಿ. 2010ರಾಗ ಕಾಯ್ದೆ ತಿದ್ದುಪಡಿ ಆದಾಗಿಂದ ನಮ್ಮ ಊರಾಗ ಇದೇ ಜಗಳ. ನಮ್ಮ ಕಾಕಾನ ಮನಿ ಒಂದು ಗುಮ್ಮಟದ ಬಾಜೂಕ ಐತಿ, ಸೋರೂ ಮಾಳಗಿ ಕಿತ್ತಿ ಆರ್‌ಸಿಸಿ ಹಾಕ್ಬೇಕಂದ್ರ ಅರ್ಜಿ ಹಿಡಕೊಂಡು ವರ್ಷಾನಗಟ್ಲೆ ತಿರಗ್ಯಾಂವ. ಇಲ್ಲಿ ಅಂಥ ಅಳತಿ ಇಲ್ಲೇನು?

ಪ್ಲಾನಿಂಗ್_ಫೈಲ್
ಇಲ್ಲ. ಇಲ್ಲಿ 'ಸೆಟ್ಟಿಂಗ್' ಅಂತಾರೆ, ಸ್ಮಾರಕದ ಆಸುಪಾಸು ಅದರ ಅರ್ಥಕ್ಕೆ ಎಷ್ಟು ಬೇಕು ಅಂತ ಒಂದೊಂದು ಕೇಸಲ್ಲೂ ವಾದ ಮಾಡ್ಬೇಕು. ಕಂದಕದ ಮನೆಗೆ ಸುತ್ತಲ ಹೊಲ ಬೇಕು, ಹಳೇ ಮೀನಿನ ಕೊಳ ಬೇಕು, ನೀರು ಬರೋ ಕಾಲುವೆ ಬೇಕು, ಇದೆಲ್ಲಾ ಸೇರಿನೇ ಮ್ಯಾನರ್. ವಾದ ಚೆನ್ನಾಗಿ ಮಾಡೋ ಕನ್ಸಲ್ಟೆಂಟ್ ಇದ್ದೋರು ಗೆಲ್ತಾರೆ, ಅದು ಇದರ ದೋಷ. ನಿಮ್ಮ ಅಳತೆ ಕುರುಡು, ಆದ್ರೆ ಎಲ್ರಿಗೂ ಒಂದೇ.

ಬ್ರಮ್_ಬಸ್ಯಾ
ವಿಜಾಪುರದಣ್ಣ, ನಿಮ್ಮ ಕಾಯ್ದೆಗೂ ಇಲ್ಲಿನ ಕಂದಕಕ್ಕೂ ಒಬ್ಬ ಮನುಷ್ಯನ ಸಂಬಂಧ ಇದೆ ಗೊತ್ತಾ, ಲಾರ್ಡ್ ಕರ್ಜನ್. ವೈಸ್‌ರಾಯ್ ಆಗಿದ್ದಾಗ 1904ರಲ್ಲಿ ಇಂಡಿಯಾಗೆ ಸ್ಮಾರಕ ಕಾಯ್ದೆ ತಂದ, ಆಗ ಬ್ರಿಟನ್‌ನಲ್ಲಿದ್ದ ಕಾಯ್ದೆಗಿಂತ ಅದೇ ಬಿಗಿ. ವಾಪಸ್ ಬಂದ್ಮೇಲೆ ಲಿಂಕನ್‌ಶೈರ್‌ನ ಟ್ಯಾಟರ್‌ಶಾಲ್ ಅನ್ನೋ ಇಟ್ಟಿಗೆ ಕೋಟೆ, ಜೋಡಿ ಕಂದಕ ಇರೋದು, ಅದರ ಕೆತ್ತನೆಯ ಬೆಂಕಿಗೂಡುಗಳನ್ನ ಕಿತ್ತು ಅಮೆರಿಕಕ್ಕೆ ಮಾರೋಕೆ ಹೊರಟಿದ್ರು. ಕರ್ಜನ್ 1911ರಲ್ಲಿ ಕೋಟೆ ಕೊಂಡ, ಬೆಂಕಿಗೂಡು ಹುಡುಕಿಸಿ ವಾಪಸ್ ತಂದು ಕೂರಿಸ್ದ. ಆ ಗಲಾಟೆನೂ ಸೇರಿ 1913ರಲ್ಲಿ ಇಲ್ಲಿ ಕಾಯ್ದೆ ಬಿಗಿಯಾಯ್ತು. ಸಸೆಕ್ಸ್‌ನ ಬೋಡಿಯಂ ಕೋಟೆ, ಕ್ಯಾಲೆಂಡರ್‌ನಲ್ಲೆಲ್ಲಾ ಬರುತ್ತಲ್ಲ ಸುತ್ತ ನೀರಿರೋದು, ಅದನ್ನೂ ಕೊಂಡಿದ್ದ. 1925ರಲ್ಲಿ ಸಾಯೋವಾಗ ಎರಡನ್ನೂ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟ.

ವಿಜಾಪುರದಾಂವ
ಬಂಗಾಲ ಒಡದಾಂವ ಬೆಂಕಿಗೂಡು ಕೂಡಿಸ್ಯಾನ ನೋಡ್ರಿ.

ಹ್ಯಾರೋ_ಅಕ್ಕ
😂😂

ಗದ್ದೆಬದು
ತಡವಾಗಿ ಬರ್ತಿದ್ದೀನಿ, ಎಲ್ರಿಗೂ ಥ್ಯಾಂಕ್ಸ್. ಪಟ್ಟಿ ನೋಡ್ದೆ. ಕಂದಕ ಮತ್ತು ದಿಬ್ಬ ಷೆಡ್ಯೂಲ್ಡೇ. ಆದ್ರೆ ಕೆಂಪು ಗೆರೆ ಹಳ್ಳದ ಅಂಚಿಗೇ ನಿಂತುಬಿಡುತ್ತೆ. ಆಮೇಲೆ ಮನೆ ಬರೋ ಹೊಲಕ್ಕೆ ಮತ್ತೆ ಹೋದೆ, ಈ ಸಲ ಸಂಜೆ ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ. ಮಧ್ಯಾಹ್ನ ಚಪ್ಪಟೆ ಕಂಡಿದ್ದ ಹುಲ್ಲುಗಾವಲಲ್ಲಿ ಮೂರು ಉದ್ದುದ್ದ ತಗ್ಗು, ಒಂದರ ಪಕ್ಕ ಒಂದು, ಅಲ್ಲಿಂದ ಒಂದು ಸಣ್ಣ ಕಾಲುವೆ ಗುರುತು ಸೀದಾ ಕಂದಕದ ಮೂಲೆಗೆ. ಪ್ಲಾನಿಂಗ್_ಫೈಲ್ ಹೇಳಿದ ಮೀನಿನ ಕೊಳ ಇವೇ ಇರ್ಬೇಕು. ಫೋಟೋ ತೆಗೆದೆ. ಅಪ್ಲಿಕೇಶನ್ ನಕ್ಷೇಲಿ ಸರಿಯಾಗಿ ಅದೇ ಜಾಗದಲ್ಲಿ ಮಳೆನೀರು ಇಂಗಿಸೋ ಹೊಸ ಹೊಂಡ ತೋಡ್ತಾರಂತೆ.

ಮನೆ ಬೇಡ ಅಂತ ಬರೀಲಿಲ್ಲ. ಪರ್ಮಿಷನ್ ಕೊಡೋಕೆ ಮುಂಚೆ ಆ ತಗ್ಗುಗಳಲ್ಲಿ ಪರೀಕ್ಷಾ ಗುಂಡಿ ತೆಗೀರಿ, ಹೊಂಡವನ್ನ ಆಚೆ ತುದಿಗೆ ಹಾಕಿ, ಕಂದಕದ ನೀರಿನ ಮಟ್ಟ ಒಂದು ವರ್ಷ ಅಳೀರಿ ಅಂತ ಮೂರು ಸಾಲು ಬರೆದು ಫೋಟೋ ಹಾಕಿ ಕಳ್ಸಿದ್ದೀನಿ. ರೈತರಿಗೂ ಹೇಳ್ದೆ. ಅವ್ರು ನಕ್ಕು, ನಮ್ಮಜ್ಜ ಅದನ್ನ ಸ್ಟ್ಯೂ ಅಂತಿದ್ದ, ಅಡುಗೆ ಸಾರಿನ ಹೆಸರು ಹೊಲಕ್ಕೆ ಯಾಕೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಂದ್ರು.

ಕೆಸರುಕಾಲು
ಅಯ್ಯೋ! ಸ್ಟ್ಯೂ ಅಂದ್ರೆ ಹಳೇ ಇಂಗ್ಲಿಷಲ್ಲಿ ಊಟಕ್ಕೆ ಬೇಕಾದಾಗ ಹಿಡಿಯೋಕೆ ಮೀನು ಬಿಟ್ಟಿರೋ ಕೊಳ! ಅದನ್ನೂ ಬರೆದು ಕಳ್ಸಿ, ಇವತ್ತೇ.

ಸಾಲದ_ಮನೆ
ಸರಿ ಸೋತೆ. ಹೊಂಡ ಆಚೆ ಹಾಕಿ ಮನೆ ಈಚೆ ಕಟ್ಲಿ, ನಂಗೇನೂ ತಕರಾರಿಲ್ಲ. ಗದ್ದೆಬದು, ಆ ಅಪ್ಲಿಕೇಶನ್‌ನಲ್ಲಿ ಮನೆ ರೇಟ್ ಏನಾದ್ರೂ ಹಾಕಿದ್ದಾರಾ?

ಗದ್ದೆಬದು
ರೇಟ್ ಇಲ್ಲ. ಲೇಔಟ್ ಹೆಸರು ಮಾತ್ರ ಇದೆ, ಮೋಟ್ ಮೆಡೋಸ್.